ನಾಲ್ಕನೇ ಮಳಿಗೆಯ ಕೀಲಿ

"ಹಲ್ಲು ಕಿರಿಯೋ, ಬೋಳಿಮಗನೇ! ಸರ್ಕಾರ ಅಂಗಡಿ ಕೊಡಿಸ್ತಿದ್ರೆ ಹೆಣ ಹೊರೋಕೆ ಬಂದೋನ್ ಥರ ನಿಂತಿದೀಯಲ್ಲೋ!"

ಬೈದವರು ಕಟ್ಟಡದ ಯಜಮಾನರು. ಫೋಟೋಗೆ ಹಲ್ಲು ಕಿರಿದೆ. ಅವರ ಮೆಟ್ಟಿಲ ಕೆಳಗೆ ಬಾಡಿಗೆ ಕೊಟ್ಟು ಕೂತು ಹದಿನೆಂಟು ವರ್ಷದಿಂದ ಕೀಲಿ ಮಾಡುವವನು ನಾನು. ಊರಿನ ಬೀಗಗಳೆಲ್ಲ ನನಗೆ ನೆಂಟರು, ನನಗೇ ಅಂತ ಒಂದು ಬಾಗಿಲಿಲ್ಲ. ಸಣ್ಣ ವ್ಯಾಪಾರಿಗಳು ಸ್ವಂತ ಮಳಿಗೆ ಕೊಳ್ಳಲು ಸರ್ಕಾರ ಸಹಾಯಧನ ಕೊಡುತ್ತದೆಂದು ಯಜಮಾನರೇ ಕರೆದು ಹೇಳಿ, ಅರ್ಜಿಯನ್ನೂ ತುಂಬಿಸಿ ಸಹಿ ಹಾಕಿಸಿಕೊಂಡಾಗ ದೇವರಂಥ ಮನುಷ್ಯ ಅಂದುಕೊಂಡೆ. ನನ್ನ ಬುದ್ಧಿಯೇ ಅಷ್ಟು.

ಅಧಿಕಾರಿ, ಆ ಹಣಕ್ಕೆ ಯಜಮಾನರೇ ಮಾರಿದ, ಅದೇ ಕಟ್ಟಡದ ನಾಲ್ಕನೇ ಮಳಿಗೆಯ ಕೀಲಿಯನ್ನು ನನ್ನ ಕೈಗಿಟ್ಟು, ಎತ್ತಿ ಹಿಡಿಸಿ ಫೋಟೋ ತೆಗೆಸಿದರು. ಅವರ ಜೀಪು ಮರೆಯಾಗುತ್ತಲೇ ಯಜಮಾನರು ಅಂಗೈ ಚಾಚಿದರು.

ಕೊಟ್ಟುಬಿಟ್ಟೆ! ಯಾರು ಕೈ ಚಾಚಿದರೂ ಕೀಲಿ ಕೊಟ್ಟೇ ಅಭ್ಯಾಸ. ಸಾಲದ್ದಕ್ಕೆ, "ಇನ್ನೊಂದು ಮಾಡ್ಕೊಡ್ಲಾ ಯಜಮಾನ್ರೇ?" ಎಂದೂ ಕೇಳಿದೆ.

"ಬೇಡ, ನಮ್ಮ ಅಳಿಯಂಗೆ ಒಂದೇ ಸಾಕು. ನೀನು ಮೆಟ್ಟಿಲ ಕೆಳಗೇ ಬಿದ್ದಿರು, ಬಾಡಿಗೆ ಜಾಸ್ತಿ ಮಾಡಲ್ಲ."

ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಅಧಿಕಾರಿಯ ಕಚೇರಿಗೆ ತಾನೇ ಹೋಗಿ ಬಂದು ಶುರುವಿಟ್ಟಳು. "ಪತ್ರ ನಿನ್ ಹೆಸರಲ್ಲೈತೆ, ದಡ್ಡ ಮುಂಡೇದೇ! ಊರೋರ್ ಬೀಗ ತೆಗೀತೀಯ, ನಿನ್ ಬೀಗ ತೆಗಿಯಕ್ ಆಗಲ್ವಾ?"

"ಮಾದರಿ ಕೀಲಿ ಇಲ್ದೆ ಹೆಂಗೆ ಮಾಡ್ಲೇ?"

"ಹೋಗಿ ಕಚೇರಿ ಗೋಡೆ ನೋಡು."

ನೋಡಿದೆ. ಗೋಡೆಯ ತುಂಬ ನಾನು! ಕೈಯಲ್ಲಿ ಮೊಳದುದ್ದದ ಕೀಲಿ. ಹೋಗಿಬರುವವರು ನನ್ನ ಕಿರಿದ ಹಲ್ಲು ನೋಡಿ ನಗುತ್ತಿದ್ದರು. ನಾನು ಕೀಲಿಯದನ್ನು ನೋಡಿದೆ. ಐದು ಹಲ್ಲು, ಎರಡನೆಯದು ಗಿಡ್ಡ, ನಾಲ್ಕನೆಯದರ ಪಕ್ಕ ಆಳದ ಕಚ್ಚು.

ಅರದಿಂದ ಉಜ್ಜಿ ಉಜ್ಜಿ ಮೂರು ಕೀಲಿ ಹಾಳು ಮಾಡಿದೆ. ನಾಲ್ಕನೆಯದು ಬೆಳಿಗ್ಗೆ ಹತ್ತಕ್ಕೆ, ಎಲ್ಲರೆದುರೇ, ತಿರುಗಿತು. ಅಳಿಯನ ತಿರುಗು ಕುರ್ಚಿಯನ್ನು ಮೆಟ್ಟಿಲ ಕೆಳಗೆ ಇಟ್ಟು ಬಂದು, ನನ್ನ ಮಣೆ ಮಳಿಗೆಯ ನಡುವೆ ಹಾಕಿ ಕೂತೆ.

"ಯಾವನ್ಲೇ ಬೀಗ ತೆಗ್ದೋನು? ಕೊಡೋ ಇಲ್ಲಿ!" ಯಜಮಾನರು ಬಂದು ಅಂಗೈ ಚಾಚಿದರು.

ನನ್ನ ಹಾಳಾದ ಕೈ, ಅಭ್ಯಾಸಬಲದಿಂದ ಅರ್ಧ ದಾರಿ ಹೋಗಿಯೂ ಬಿಟ್ಟಿತ್ತು! ಎಳೆದು ತಂದು ಕೀಲಿಯನ್ನು ಜೇಬಿಗೆ ಇಳಿಸಿದೆ.

"ಇನ್ನೊಂದು ಮಾಡ್ಕೊಡ್ಬೋದು ಯಜಮಾನ್ರೇ," ಅಂದೆ. "ಆದ್ರೆ ಅಂಗಡಿ ಮಾಲೀಕ ಒಪ್ಬೇಕು."