ಸಾರಿ ಗಾರ್ಡ್ ಇಲ್ಲದ ಯೆಜ್ಡಿ

ಮರಾಠಿ ನಾಡಿನ ಪ್ರತಾಪ ನಗರ ಬಡಾವಣೆಯ ಆ ಕನ್ನಡದ ಮನೆಯಲ್ಲಿ ಖಂಡೇನವಮಿಗೆ ವರ್ಷವೂ ಪೂಜೆಯಾಗುತ್ತಿದ್ದ ಆಯುಧಗಳು ನಾಲ್ಕು: ಈಳಿಗೆಮಣೆ, ಹೊಲಿಗೆಯಂತ್ರ, ಯಜಮಾನ ಮಧುಸೂದನರಾಯರ ಫೌಂಟನ್ ಪೆನ್ನು, ಪೋರ್ಚಿನ ಮೂಲೆಯ ಯೆಜ್ಡಿ ಮೋಟಾರ್‌ಸೈಕಲ್. ಮೊದಲ ಮೂರು ಮರುದಿನವೇ ಕೆಲಸಕ್ಕೆ ಮರಳುತ್ತಿದ್ದವು. ಯೆಜ್ಡಿ ಮಾತ್ರ ಹಣೆಗೆ ಕುಂಕುಮ ಹಚ್ಚಿಸಿಕೊಂಡು, ಮತ್ತೆ ತಾಡಪತ್ರಿ ಹೊದ್ದು ಮಲಗುತ್ತಿತ್ತು. ಏಳು ವರ್ಷ ಹೀಗೇ ನಡೆಯಿತು. ಬೇರೆ ಯಾವ ದೇವರಾದರೂ ಶಾಪ ಕೊಡುತ್ತಿತ್ತು. ಇದು ನೆಲದ ಮೇಲೆ ಒಂದಿಷ್ಟು ಎಣ್ಣೆ ಸೋರಿಸಿ ಸುಮ್ಮನಾಗುತ್ತಿತ್ತು.

ಎರಡು ಸಾವಿರದ ಮೂರನೆಯ ಇಸವಿಯ ದಸರೆಗೆ ರಾಯರ ಮಗ ಕೇದಾರನಾಥ ಸೆಕೆಂಡ್ ಹ್ಯಾಂಡ್ ಮಾರುತಿ ತಂದ. ಪೋರ್ಚು ಒಂದೇ. ಆವತ್ತಿನಿಂದ ಮನೆಯಲ್ಲಿ ಯೆಜ್ಡಿಯ ಮಾತು ಶುರುವಾಯಿತು.

"ಕನ್ಹಾನ್ ಕಡೆಯ ಹಾಲಿನವ ಒಬ್ಬ ಕೇಳ್ಯಾನ, ಅಮ್ಮಾ. ಎರಡೂ ಕಡೆ ಕ್ಯಾನ್ ಜೋತು ಹಾಕ್ಕೊಂಡು ಅಡ್ಡಾಡ್ತಾನಂತ. ಕೊಟ್ಟು ಬಿಡೋಣ," ಎಂದ ಕೇದಾರ.

"ಅಣ್ಣಾ, ಹುಚ್ಚೇನು ನಿನಗ?" ಎಂದ ರಾಯರ ತಂಗಿಯ ಮಗ ಶಾಮ. ಬ್ಯಾಂಕಿನಲ್ಲಿ ಪ್ರೊಬೇಶನರಿ ಆಗಿದ್ದ ಅವನು ಭಾನುವಾರದ ಊಟಕ್ಕೆ ತಪ್ಪದೆ ಬರುತ್ತಿದ್ದ. "ಇದನ್ನ ಚಾಪರ್ ಮಾಡೂನು. ಮುಂದಿನ ಫೋರ್ಕ್ ಒಂದು ಫೂಟ್ ಉದ್ದ, ಸೀಟು ಕೆಳಗ, ಹ್ಯಾಂಡಲ್ ಇಷ್ಟು ಎತ್ತರ. ಏಕದಮ್ ಮಸ್ತ!"

ಅವನು ಎರಡೂ ಕೈ ಮೇಲೆತ್ತಿ ತೋರಿಸಿದ್ದನ್ನು ಕೇದಾರನ ತಾಯಿ ಲೀಲಾಬಾಯಿ ನೋಡಿದರು. "ಹಿಂಗ ನಿಲ್ಲೋದಾದ್ರ ಸಿಟಿ ಬಸ್ಸಿಗೇ ಹೋಗೋ, ತಮ್ಮಾ."

ಎಲ್ಲರೂ ನಕ್ಕರು. ಲೀಲಾಬಾಯಿ ನಗಲಿಲ್ಲ. "ಆತು, ಶಾಮಾ. ಕಿಕ್ ಎಲ್ಲದ ಹುಡುಕು. ಸಿಕ್ರ ಗಾಡಿ ನಿಂದು."

ಶಾಮ ಪೋರ್ಚಿಗೆ ಹೋಗಿ ತಾಡಪತ್ರಿ ಸರಿಸಿದ. ಬಲಗಡೆ ನೋಡಿದ. ಬಗ್ಗಿ ನೋಡಿದ. ಕುಳಿತು ನೋಡಿದ. ಸ್ವಲ್ಪ ಹೊತ್ತಿನ ಮೇಲೆ, "ಮಾಮಿ, ಯಾರೋ ಕಿಕ್ ಕದ್ದಾರ!" ಎಂದು ಕೂಗಿದ.

ಯೆಜ್ಡಿಯ ಜಾಣತನ ಅದೇ. ಎಡಗಡೆಯ ಗೇರಿನ ಕಡ್ಡಿಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್. ಗಾಡಿ ಚಾಲೂ ಆದ ಮೇಲೆ ಮತ್ತೆ ಮಲಗಿಸಿದರೆ ಅದೇ ಗೇರು. ಲೀಲಾಬಾಯಿ ಅದನ್ನು ಹೇಳಲಿಲ್ಲ. ಐವತ್ತೇಳರ ಅವರಿಗೆ ಬಲಮೊಣಕಾಲು ಸೋತಿತ್ತು, ಎಡಗಾಲು ಇನ್ನೂ ಗಟ್ಟಿಯಿತ್ತು. ಊರಿನ ಬೇರೆ ಯಾವ ಗಾಡಿಯನ್ನು ಎಬ್ಬಿಸಲಿಕ್ಕೂ ಅವರಿಂದ ಈಗ ಸಾಧ್ಯವಿರಲಿಲ್ಲ. ಇದೊಂದು ಮಾತ್ರ ಅವರ ಮೊಣಕಾಲಿನ ಭವಿಷ್ಯ ಮೊದಲೇ ಓದಿಕೊಂಡು ಮೈಸೂರಿನ ಕಾರಖಾನೆಯಿಂದ ಬಂದಂತಿತ್ತು.

ಬಂದದ್ದು ಎಪ್ಪತ್ತೆಂಟರಲ್ಲಿ. ಸ್ಕೂಟರಿಗೆ ಎಂಟು ವರ್ಷದ ಪಾಳಿ ಇದ್ದ ಕಾಲ. ಮೋಟಾರ್‌ಸೈಕಲ್ ಮಾತ್ರ ಕೇಳಿದ ತಿಂಗಳಲ್ಲೇ ಸಿಗುತ್ತಿತ್ತು. ಸಿವಿಲ್ ಲೈನ್ಸಿನ ಕೇಂದ್ರ ಸರಕಾರಿ ಆಫೀಸಿನಲ್ಲಿ ಲೆಕ್ಕಿಗರಾಗಿದ್ದ ಮಧುಸೂದನರಾಯರು ತಮ್ಮ ಹೆಸರಿಗೆ ಕೊಂಡರು. ನಾಲ್ಕನೆಯ ದಿನ ಕಿತ್ತಳೆಯ ತಳ್ಳುಗಾಡಿಯೊಂದಕ್ಕೆ ಹೋಗಿ ಗುದ್ದಿದರು. ಪೆಟ್ಟೇನೂ ಆಗಲಿಲ್ಲ. ಆದರೆ ರಸ್ತೆಯ ತುಂಬ ಉರುಳಿದ ಹಣ್ಣುಗಳನ್ನು ಜನ ಆರಿಸಿಕೊಂಡು ಹೋಗುತ್ತ ಇವರನ್ನು ನೋಡಿ ನಕ್ಕದ್ದು ಎದೆಯೊಳಗೆ ಕೂತುಬಿಟ್ಟಿತು. ಮತ್ತೆ ಹ್ಯಾಂಡಲ್ ಮುಟ್ಟಲಿಲ್ಲ.

ಲೀಲಾಬಾಯಿಗೆ ಆಗ ಊರಾಚೆ ನದಿ ದಂಡೆಯ ಕನ್ಹಾನಿನ ಶಾಲೆಯಲ್ಲಿ ಗಣಿತದ ಮೇಷ್ಟರಿಕೆ. ಎರಡು ಬಸ್ಸು, ಒಂದು ರಿಕ್ಷಾ. ಧಾರವಾಡದಿಂದ ಮಗನ ಮನೆಗೆ ಬಂದಿದ್ದ ಅತ್ತೆ ಕಾಶಿಬಾಯಿ, ನಿಂತೇ ಇದ್ದ ಗಾಡಿಯನ್ನು ಒಂದು ತಿಂಗಳು ನೋಡಿ ಬೇಸತ್ತು ಸೊಸೆಯನ್ನು ಕರೆದರು. "ಕಚ್ಚಿ ಹಾಕ್ಕೊಂಡು ಕೂಡವಾ. ಕಿತ್ತೂರ ರಾಣಿ ಕುದರಿ ಮ್ಯಾಲ ಕೂತಾಗ ಯಾರನ್ನ ಕೇಳಿದ್ಲು?" ಎಂದು ಒಂಬತ್ತು ಗಜದ ತಮ್ಮದೇ ಸೀರೆ ತಂದು ಕಚ್ಚೆ ಹಾಕಲು ಕಲಿಸಿದರು. ಲೀಲಾಬಾಯಿ ಮೈದಾನದಲ್ಲಿ ಕಲಿತರು, ಲೈಸೆನ್ಸ್ ತೆಗೆದರು.

ಮುಂದೆ ಹದಿನೆಂಟು ವರ್ಷ ಅದೇ ಕ್ರಮ. ಮುಂದೆ ಲೀಲಾಬಾಯಿ, ಹಿಂದೆ ತೊಡೆಯ ಮೇಲೆ ಎರಡು ಡಬ್ಬಿ ಇಟ್ಟುಕೊಂಡ ರಾಯರು. ಆಫೀಸಿಗೆ ಒಂದು ತಿರುವು ಮೊದಲು ಬೇವಿನ ಗಿಡ, ಅದರ ಕೆಳಗೆ ಪಾನ್ ಅಂಗಡಿ. ಅಲ್ಲಿಗೆ ಬಂದಾಗ ರಾಯರು ಹೆಂಡತಿಯ ಹೆಗಲಿಗೆ ಎರಡು ಸಲ ತಟ್ಟುವರು. ಗಾಡಿ ನಿಲ್ಲುವುದು. ರಾಯರು ಇಳಿದು, ಕ್ರಾಪು ಸರಿಮಾಡಿಕೊಂಡು, ಗೇಟಿನ ತನಕ ನಡೆದು ಹೋಗುವರು. ಪ್ರತಾಪ ನಗರಕ್ಕೆ ಎಲ್ಲ ಗೊತ್ತಿತ್ತು. ಸಿವಿಲ್ ಲೈನ್ಸಿಗೆ ಏನೂ ಗೊತ್ತಿರಲಿಲ್ಲ. ಎರಡು ರಾಜ್ಯಗಳ ಗಡಿ ಆ ಪಾನ್ ಅಂಗಡಿ.

ಆಫೀಸಿನಲ್ಲಿ ರಾಯರು ಹೇಳುತ್ತಿದ್ದುದು ಇಷ್ಟೇ: "ನಾನು ಯೆಜ್ಡಿ ಮೇಲೆ ಬರ್ತೀನಿ." ವಾಕ್ಯದಲ್ಲಿ ಸುಳ್ಳಿರಲಿಲ್ಲ. ಯೆಜ್ಡಿಯ ಯಾವ ಭಾಗದ ಮೇಲೆ ಎಂದು ಯಾರೂ ಕೇಳಲಿಲ್ಲ. ರಾಯರು ನಿವೃತ್ತರಾದರು, ಲೀಲಾಬಾಯಿ ಕನ್ಹಾನಿನ ಕೆಲಸ ಬಿಟ್ಟರು, ಗಾಡಿ ಮಲಗಿತು; ಆಮೇಲೆ ವಾಕ್ಯಕ್ಕೆ ರೆಕ್ಕೆ ಬಂದವು. ಕನ್ಹಾನ್ ಸೇತುವೆಯ ಮೇಲೆ ಮಂಜಿನಲ್ಲಿ ಟ್ರಕ್ಕನ್ನು ಹಿಂದೆ ಹಾಕಿದ್ದು, ಪಂಕ್ಚರ್ ಆದಾಗ ತಾನೇ ಚಕ್ರ ಬಿಚ್ಚಿದ್ದು, ಎಲ್ಲವನ್ನೂ ಸಂಜೆಯ ವಾಕಿಂಗ್ ಗೆಳೆಯರಿಗೆ ಹೇಳತೊಡಗಿದರು. ಟ್ರಕ್ಕನ್ನು ಹಿಂದೆ ಹಾಕಿದ್ದೂ ಚಕ್ರ ಬಿಚ್ಚಿದ್ದೂ ನಿಜವೇ. ಕರ್ತೃ ಒಂದು ಬದಲಾಗಿತ್ತು. ಲೀಲಾಬಾಯಿ ಕೇಳಿ ಸುಮ್ಮನಿದ್ದರು. ಗಂಡಸಿಗೆ ಪಿಂಚಣಿಯಿಂದ ಸಿಗದ್ದು ಕಥೆಯಿಂದ ಸಿಕ್ಕರೆ ಸಿಗಲಿ ಎಂದು.

ಆ ಕಥೆಗಳಲ್ಲೊಂದು ಹಳೆಯ ಗಾಡಿಗಳ ಕ್ಲಬ್ಬಿನ ಲಕ್ಷ್ಮೀಕಾಂತ ಎಂಬ ಮರಾಠಿ ದಂತವೈದ್ಯರ ಕಿವಿಗೆ ಬಿತ್ತು. ದೀಪಾವಳಿಗೆ ಮೊದಲಿನ ಭಾನುವಾರ ಅವರೇ ಮನೆಗೆ ಬಂದರು, ಕೈಯಲ್ಲಿ ಸಣ್ಣ ಟಾರ್ಚು, ನೋಟ್‌ಬುಕ್ಕು. ಯೆಜ್ಡಿಯ ಮುಂದೆ ಕುಳಿತು ಅದರ ಬಾಯಿ ತೆರೆಸಿದವರಂತೆ ಒಂದೊಂದೇ ಭಾಗಕ್ಕೆ ಬೆಳಕು ಬಿಟ್ಟರು.

"ಸೀಟ್ ಒರಿಜಿನಲ್ ನಾಹೀ. ಎರಡು ಇಂಚು ಕತ್ತರಿಸಿದಾರೆ," ಎಂದು ಹಿಂದಿಗೂ ಮರಾಠಿಗೂ ನಡುವಿನ ಭಾಷೆಯಲ್ಲಿ ಹೇಳಿ ಬರೆದುಕೊಂಡರು. "ಈ ಕೊಕ್ಕೆ ಒರಿಜಿನಲ್ ನಾಹೀ. ಬ್ರೇಕ್ ಪೆಡಲ್ ಬಗ್ಗಿಸಿದಾರೆ, ಬಹುತ್ ಖರಾಬ್. ಎಲ್ಲಾ ಕಿತ್ತು ಹಾಕೋಣ. ಫ್ಯಾಕ್ಟರಿಯಿಂದ ಹೊರಗೆ ಬಂದ ದಿನ ಹೇಗಿತ್ತೋ ಬರೋಬರ್ ಹಾಗೆ ಮಾಡಿ ಕೊಡ್ತೀನಿ. ನನ್ನದೇ ಖರ್ಚು. ರ‍್ಯಾಲಿಯಲ್ಲಿ ಮುಂದೆ ಹಿತ್ತಾಳೆ ಫಲಕ: ಮೂಲ ಸವಾರರು, ಶ್ರೀ ಮಧುಸೂದನರಾವ್."

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಲೀಲಾಬಾಯಿ ಪಟ್ಟಿಯನ್ನು ಕೇಳಿಸಿಕೊಂಡರು. ಸೀಟು ಕತ್ತರಿಸಿದ್ದು ಅವರ ಕಾಲು ನೆಲಕ್ಕೆ ಮುಟ್ಟಲೆಂದು. ಕೊಕ್ಕೆ, ಉತ್ತರಪತ್ರಿಕೆಯ ಚೀಲ ತೂಗುಹಾಕಲೆಂದು. ಪೆಡಲ್, ಅವರ ಪಾದದ ಅಳತೆಗೆ. ವೈದ್ಯರು ತುಕ್ಕಿನ ಜೊತೆಗೆ ಅವರನ್ನೂ ಉಜ್ಜಿ ತೆಗೆಯುವವರಿದ್ದರು.

"ಆದರೆ ಒಂದು ವಿಚಿತ್ರ ನೋಡಿ!" ವೈದ್ಯರ ಧ್ವನಿ ಏರಿತು. "ಆ ಕಾಲದ ಗಾಡಿ, ಹಿಂದೆ ಕೂತವರ ಸೀರೆ ಚಕ್ರಕ್ಕೆ ಸಿಗದಂತೆ ಹಾಕೋ ಸಾರಿ ಗಾರ್ಡ್ ಇಲ್ಲ. ಕೂಡಿಸಿದ ತೂತೂ ಇಲ್ಲ. ಲಾಜವಾಬ್! ಮತ್ತೆ ಇದೇನು, ಸೀಟಿನ ನಡುವೆ ಕಬ್ಬಿಣದ ಹಿಡಿಕೆ?"

ಅದನ್ನು ಲೀಲಾಬಾಯಿ ಕನ್ಹಾನಿನ ಕಮ್ಮಾರನಿಂದ ಮಾಡಿಸಿದ್ದು, ಹಿಂದೆ ಕೂತು ತಿರುವಿಗೊಮ್ಮೆ ರಾಮರಾಮಾ ಎನ್ನುತ್ತಿದ್ದ ರಾಯರಿಗಾಗಿ.

ರಾಯರು ಹೆಂಡತಿಯ ಕಡೆ ನೋಡಲಿಲ್ಲ. "ಅದಾ? ನಮ್ಮ ಮನೆಯವರಿಗೆ ಭಾಳ ಅಂಜಿಕಿ," ಎಂದರು. "ಹಿಂದ ಕೂತು ಗಟ್ಟಿ ಹಿಡಕೊಳ್ಳಿಕ್ಕೆ ನಾನಽ ಹಾಕಿಸಿಕೊಟ್ಟೆ."

ಟ್ರಕ್ಕು ಹೋಗಲಿ, ಪಂಕ್ಚರ್ ಹೋಗಲಿ. ಹೆಂಡತಿಯ ಧೈರ್ಯವನ್ನು ರಾಯರು ಒಯ್ದಿದ್ದರು, ಲೀಲಾಬಾಯಿ ಬಿಟ್ಟುಕೊಟ್ಟಿದ್ದರು. ಈಗ ರಾಯರು ತಮ್ಮ ಅಂಜಿಕೆಯನ್ನು ತಂದು ಹೆಂಡತಿಯ ಮೈಗೆ ಹಚ್ಚಿದ್ದರು. ಲೀಲಾಬಾಯಿ ತಟ್ಟೆಯನ್ನು ಯೆಜ್ಡಿಯ ಟ್ಯಾಂಕಿನ ಮೇಲೆಯೇ ಇಟ್ಟರು.

"ಡಾಕ್ಟರ್ ಸಾಹೇಬ," ಎಂದರು ಶುದ್ಧ ಮರಾಠಿಯಲ್ಲಿ, "ಅಷ್ಟು ಬೆಳಕು ಬಿಟ್ಟು ನೋಡಿದಿರಿ, ಕಾಣಲಿಲ್ಲವೇ? ಸೀರೆ ಹಿಂದೆ ಕೂತಿದ್ದರೆ ಗಾರ್ಡ್ ಇರುತ್ತಿತ್ತು. ಸೀರೆ ಮುಂದೆ ಕೂತಿತ್ತು. ಚಹಾ ತಗೊಳ್ಳಿ, ಆರುತ್ತದೆ."

ವೈದ್ಯರು ಗಾಡಿಯನ್ನು ನೋಡಿದರು, ಲೀಲಾಬಾಯಿಯನ್ನು ನೋಡಿದರು, ರಾಯರನ್ನು ನೋಡಲಿಕ್ಕೆ ಸಂಕೋಚಪಟ್ಟರು. ಚಹಾ ಕುಡಿದು, ಟಾರ್ಚು ಆರಿಸಿ ಹೊರಟುಹೋದರು.

ಆಮೇಲಿನ ಮಾತು ಅಡುಗೆಮನೆಯಲ್ಲಿ ನಡೆಯಿತು.

"ಹೊರಗಿನವರ ಮುಂದ ನನ್ನ ಮಾನ ಕಳದಿ," ಎಂದರು ರಾಯರು.

"ನಿಮ್ಮ ಮಾನ ಹದಿನೆಂಟು ವರ್ಷ ಬೇವಿನ ಗಿಡದ ಮಟಾ ಹೊತ್ತು ತಂದಾಕಿ ನಾನು. ಕಳೀಲಿಕ್ಕೂ ನನಗಽ ಹಕ್ಕದ."

ನಡುವೆ ಬಂದ ಕೇದಾರ ಗಾಡಿ ಮಾರಾಟದ ಫಾರ್ಮೊಂದನ್ನು ಮೇಜಿನ ಮೇಲಿಟ್ಟ. "ಇದಽ ಬೇಡ ಅಂತೀನಿ ನಾನು. ಗಾಡಿನೂ ಬೇಡ, ಜಗಳಾನೂ ಬೇಡ. ಕಾಗದ ಅಪ್ಪನ ಹೆಸರಿಗದ. ಅಪ್ಪ ಒಂದು ಸಹಿ ಹಾಕಿದ್ರ ಹಾಲಿನವ ಒಯ್ತಾನ. ನಿನ್ನ ಸಹಿ ಬೇಕಿಲ್ಲ, ಅಮ್ಮಾ."

ಲೀಲಾಬಾಯಿ ಕಪಾಟಿನಿಂದ ಸಾಸಿವೆ ಡಬ್ಬಿಯ ಹಿಂದಿದ್ದ ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಅವರ ಲೈಸೆನ್ಸ್. ಗಾಡಿ ಮಲಗಿದ್ದ ಏಳು ವರ್ಷದಲ್ಲೂ ಅದನ್ನು ಮಲಗಿಸಿರಲಿಲ್ಲ. ಹೋದ ವರ್ಷವಷ್ಟೇ ರಿನ್ಯೂ ಆಗಿತ್ತು.

"ಕಾಗದ ಅವರ ಹೆಸರಿಗದ. ಓಡಸೂದು ನನ್ನ ಹೆಸರಿಗದ," ಎಂದು ಗಂಡನ ಕಡೆ ತಿರುಗಿದರು. "ಸಹಿ ಮಾಡೂದಿದ್ರ ಮಾಡ್ರಿ, ನಾ ಕೈ ಹಿಡಿಯಂಗಿಲ್ಲ. ಆದ್ರ ಮೊದಲು ಒಂದು ದಿನ ನನ್ನ ಹಿಂದ ಕೂತು ಆಫೀಸಿನ ಗೇಟಿನ ಮಟಾ ಬರಬೇಕು. ಗಿಡದ ಮಟಾ ಅಲ್ಲ. ಗೇಟಿನ ಮಟಾ."

ರಾಯರು ಫಾರ್ಮನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಅದು ಹೂಂ ಎಂದೋ ಉಹೂಂ ಎಂದೋ ತಿಳಿಯುವಂತಿರಲಿಲ್ಲ.

ಲೀಲಾಬಾಯಿ ಕಾಯಲಿಲ್ಲ. ಶಾಮನನ್ನು ಕರೆದು ಟ್ಯಾಂಕು ತೊಳೆಸಿದರು. ಕಾರ್ಬ್ಯುರೇಟರ್ ತಾವೇ ಬಿಚ್ಚಿದರು. ಹೊಸ ಟೈರು, ಹೊಸ ಕೇಬಲ್ಲು, ಬ್ಯಾಟರಿ. ಬಣ್ಣ ಮುಟ್ಟಲಿಲ್ಲ, ಸೀಟು ಎತ್ತರಿಸಲಿಲ್ಲ, ಕೊಕ್ಕೆ ತೆಗೆಯಲಿಲ್ಲ. "ಮಾಮಿ, ರಿಸ್ಟೋರೂ ಅಲ್ಲ, ಮಾಡಿಫೈನೂ ಅಲ್ಲ, ಇದಕ್ಕೇನಂತಾರ?" ಎಂದು ಶಾಮ ಕೇಳಿದ. "ರಿಪೇರಿ ಅಂತಾರೋ," ಎಂದರು. ಹನ್ನೊಂದನೆಯ ಕಿಕ್ಕಿಗೆ ಪ್ರತಾಪ ನಗರದ ಆ ಗಲ್ಲಿ ನೀಲಿ ಹೊಗೆಯಿಂದ ತುಂಬಿತು. ಕೇದಾರನ ಮಾರುತಿ ರಸ್ತೆಯ ಬದಿಗೆ ನಿಂತು ಕಾಗೆಗಳ ಪಾಲಾಯಿತು.

ನವೆಂಬರ್ ಬಂತು. ನವೆಂಬರಿನಲ್ಲಿ ಸರಕಾರ ತನ್ನ ಪಿಂಚಣಿದಾರರನ್ನು ಬದುಕಿದ್ದೀರೇನು ಎಂದು ಕೇಳುತ್ತದೆ. ಅವರು ಬ್ಯಾಂಕಿಗೆ ಹೋಗಿ ಹೌದೆಂದು ಸಹಿ ಹಾಕಿ ಬರಬೇಕು. ರಾಯರ ಬ್ಯಾಂಕು ಹಳೆಯ ಆಫೀಸಿನ ಆವರಣದಲ್ಲೇ ಇತ್ತು. ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಳೆಯ ಸಹೋದ್ಯೋಗಿಗಳೆಲ್ಲ ಗೇಟಿನ ಮುಂದೆ ಕೂಡುವುದು ರೂಢಿ.

ಲೀಲಾಬಾಯಿ ಕಚ್ಚೆ ಹಾಕಿ ಹೊರಬಂದರು. ಕಾಶಿಬಾಯಿಯ ಹಳೆಯ ಸೀರೆ. ಎಡಗಾಲಿನಿಂದ ಕಿಕ್ ಒದ್ದರು. ರಾಯರು ಆಟೋ ಬಂದೀತೇ ಎಂದು ರಸ್ತೆಯ ಎರಡೂ ತುದಿ ನೋಡಿದರು. ಆಮೇಲೆ ಹಿಂದೆ ಹತ್ತಿ, ಕಬ್ಬಿಣದ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದರು.

ದಾರಿ ತುಂಬ ಹೊಸ ಕಾಂಕ್ರೀಟು. ಬೇವಿನ ಗಿಡ ಕಂಡಿತು. ಪಾನ್ ಅಂಗಡಿಯೂ ಇತ್ತು. ರಾಯರ ಕೈ ಹೆಗಲಿಗೆ ಎರಡು ಸಲ ತಟ್ಟಿತು.

ಲೀಲಾಬಾಯಿಯ ಪಾದ ಹದಿನೆಂಟು ವರ್ಷದ ಅಭ್ಯಾಸದಿಂದ ಬ್ರೇಕಿನ ಮೇಲೆ ತಾನಾಗಿ ಹೋಯಿತು. ಅದನ್ನು ಅಲ್ಲಿಂದ ತೆಗೆದರು. ಗೇರು ಏರಿಸಿದರು.

ಮತ್ತೆ ತಟ್ಟಿತು, ಈ ಸಲ ಜೋರಾಗಿ. "ಲೀಲಾ! ಗಿಡ!"

"ಗಿಡ ನೋಡಿದೆ," ಎಂದರು ಅವರು.

ಗೇಟಿನ ಮುಂದೆ ಮೂವತ್ತು ನಲವತ್ತು ಜನ. ಮಂಕಿಕ್ಯಾಪು, ಸ್ವೆಟರು, ಪ್ಲಾಸ್ಟಿಕ್ ಫೈಲು. ಸರಕಾರಕ್ಕೆ ಸಾಕ್ಷಿ ಬೇಕಿದ್ದ ಜೀವಗಳೆಲ್ಲ ಒಮ್ಮೆಲೇ ತಿರುಗಿ ನೋಡಿದವು. ಯೆಜ್ಡಿ ಅವರ ನಡುವೆ ಹೋಗಿ ನಿಂತಿತು. ರಾಯರು ಇಳಿದರು. ಕ್ರಾಪು ಸರಿಮಾಡಿಕೊಳ್ಳಲು ಕೈ ಹೋಯಿತು, ಕ್ರಾಪು ಈಗಿರಲಿಲ್ಲ.

ಬೀದರಿನ ಕಡೆಯವನಾದ ಬಸವಂತ, ಇಪ್ಪತ್ತು ವರ್ಷ ರಾಯರ ಪಕ್ಕದ ಮೇಜಿನಲ್ಲಿ ಕೂತವನು, ಮುಂದೆ ಬಂದ. "ಏನ್ರಿ ರಾಯರ, ಇವತ್ತ ಗೇಟಿನ ತನಾ ಬಂದೀರಿ?"

ರಾಯರು ಗಂಟಲು ಸರಿಮಾಡಿಕೊಂಡರು. ಲೀಲಾಬಾಯಿ ಇಂಜಿನ್ ಆರಿಸಿದರು, ಕೇಳಿಸಲೆಂದು.

"ಬಸವಂತಾ," ಎಂದರು ರಾಯರು, "ನನಗ ಗಾಡಿ ಹೊಡಿಲಿಕ್ಕೆ ಬರಂಗಿಲ್ಲ. ಮೊದಲಿಂದನೂ ಈಕಿನಽ."

"ಅದು ಗೊತ್ತೈತಿ ಬಿಡ್ರಿ," ಎಂದ ಬಸವಂತ. "ಆ ಪಾನ್ ಅಂಗಡಿಯಾಗ ದಿನಾ ಪಾನ್ ತಿಂತಿದ್ದವ್ರು ನಾವಽ ಅಲ್ಲೇನ್ರಿ? ನೀವು ಬಂದ ಕೂಡ್ಲೆ ಗಿಡದ ಹಿಂದ ಸರೀತಿದ್ವಿ, ನಿಮಗ ಮುಜುಗರ ಆಗಬಾರ್ದಂತ."

ಸುತ್ತಲಿನ ಮಂಕಿಕ್ಯಾಪುಗಳು ತಲೆದೂಗಿದವು. ಇಡೀ ಆಫೀಸು ಹದಿನೆಂಟು ವರ್ಷ ಒಂದು ಬೇವಿನ ಗಿಡದ ಹಿಂದೆ ನಿಂತಿತ್ತು.

ಲೀಲಾಬಾಯಿಗೆ ಮೊದಲು ಸಿಟ್ಟು ಬಂತು. ಅಷ್ಟು ವರ್ಷ, ದಿನಕ್ಕೊಂದು ಬ್ರೇಕು, ಯಾರಿಗಾಗಿ? ರಾಯರು ಮಾತ್ರ ಗಿಡವಿದ್ದ ತಿರುವಿನ ಕಡೆ ನೋಡಿದರು. ನಂತರ ಜೇಬಿನಿಂದ ನಾಲ್ಕು ಮಡಿಕೆಯ ಫಾರ್ಮು ತೆಗೆದು ಹೆಂಡತಿಯ ಕೈಗಿಟ್ಟರು. ಸಹಿಯ ಜಾಗ ಖಾಲಿ ಇತ್ತು.

"ಟೂಲ್ ಬಾಕ್ಸಿನ್ಯಾಗ ಇಡು. ಪ್ಲಗ್ ಒರಸಲಿಕ್ಕೆ ಬರ್ತದ."

ಲೀಲಾಬಾಯಿ ಇಟ್ಟರು. ಕಡ್ಡಿಯನ್ನು ಮೇಲೆತ್ತಿ ಒಂದೇ ಏಟಿಗೆ ಚಾಲೂ ಮಾಡಿ, ಮತ್ತೆ ಮಲಗಿಸಿದರು. ಬ್ಯಾಂಕಿನ ಪಾಳಿ ಉದ್ದವಿತ್ತು, ಒಂದು ಗಂಟೆಯಾದರೂ ಹಿಡಿಯುವಂತಿತ್ತು. ಅಷ್ಟರಲ್ಲಿ ಕನ್ಹಾನಿನ ಸೇತುವೆ ಮುಟ್ಟಿ ಬರಬಹುದು.

"ಮುಗಿದ ಮ್ಯಾಲ ಗಿಡದ ಹತ್ರ ನಡಕೋತ ಬಂದು ನಿಲ್ಲಬ್ಯಾಡ್ರಿ ಮತ್ತ," ಎಂದರು. "ನಾ ಗೇಟಿಗೇ ಬರಾಕಿ."