ಜೋಳದ ಕಾಳಿನಷ್ಟು ಬಿಳಿ

ಸ್ಟ್ಯಾಂಪ್ ಪ್ಯಾಡಿನ ವಾಸನೆ ಚೇತನಾಳ ಬೆರಳಿನಿಂದ ಇನ್ನೂ ಹೋಗಿಲ್ಲ, ಬಣ್ಣ ಹೋಗಿ ವಾರವಾಯಿತು, ವಾಸನೆ ಮಾತ್ರ ಅಲ್ಲೇ ಕೂತಿದೆ — ಅಥವಾ ಮೂಗಿನಲ್ಲೇ ಕೂತಿದೆಯೋ ಏನೋ — ಗಡಿಯಾರದಲ್ಲಿ ನಾಲ್ಕೂಕಾಲು, ಐದಕ್ಕೆ ತಿದ್ದುಪಡಿ ಬಂದ್ ಎಂದು ಪರದೆಯ ಮೇಲೆ ಕೆಂಪಕ್ಷರ ಓಡುತ್ತಿದೆ, ಅದರ ಕೆಳಗೆ ಕಾಕಾನ ಮಗಳು ಸುಶ್ಮಿತಾಳ ಮೆಡಿಕಲ್ ಸೀಟಿನ ಅರ್ಜಿ, ತಾನು ಕೆಲಸಕ್ಕಿರುವ ಇಳಕಲ್ಲಿನ ಇದೇ ಆನ್‌ಲೈನ್ ಅಂಗಡಿಯಲ್ಲಿ ಕೂತು ಹತ್ತು ದಿನದ ಹಿಂದೆ ತಾನೇ ತುಂಬಿ ಕಳಿಸಿದ್ದು, ಫೋಟೋ ಅವಳದು, ಸಹಿ ಅವಳದು, ನೀಲಿ ಹೆಬ್ಬೆಟ್ಟು ಮಾತ್ರ ಚೇತನಾಳದು. ಯಾರಿಗೂ ಗೊತ್ತಿಲ್ಲ. ಅಂದು ಸುಶ್ಮಿತಾ ಮಗ್ಗದಿಂದ ಎದ್ದು ಬಂದಿದ್ದಳು, ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಹೊಸೆದು ಹೊಸೆದು ಅವಳ ಹೆಬ್ಬೆಟ್ಟು ಸವೆದಿದೆ, ಕಾಗದದ ಮೇಲೆ ಒತ್ತಿದರೆ ನಡುವೆ ಜೋಳದ ಕಾಳಿನಷ್ಟು ಬಿಳಿ, ಮೂರು ಸಲ ಒತ್ತಿದರೂ ಅದೇ ಬಿಳಿ, ಅಕ್ಕಾ, ಇದು ನಡಿತೈತೇನು ಎಂದು ಕೇಳಿದ್ದಳು, ಕಂಪ್ಯೂಟರ್ ತಗೊಳಂಗಿಲ್ಲ, ನೀ ಮನಿಗಿ ನಡಿ, ನಾ ನೋಡ್ಕೋತೇನಿ ಎಂದಿದ್ದಳು ಚೇತನಾ. ನೋಡಿಕೊಂಡಳು. ತನ್ನ ಹೆಬ್ಬೆಟ್ಟನ್ನೇ ಒತ್ತಿದಳು, ಗೆರೆಗೆರೆಯೂ ಎದ್ದು ಬಂತು. ದಾಖಲೆ ನೋಡುವ ದಿನ ಸುಶ್ಮಿತಾಳ ಬೆರಳನ್ನು ಯಂತ್ರದ ಮೇಲೆ ಇಡಿಸುತ್ತಾರೆ, ಹೊಂದದಿದ್ದರೆ ಸೀಟು ಹೋಯಿತು, ಅದು ಗೊತ್ತಿಲ್ಲದೆ ಒತ್ತಿದಳೇ, ಗಡಿಬಿಡಿಯಲ್ಲಿ ಒತ್ತಿದಳೇ — ಗೊತ್ತಿತ್ತು.

ಗೆರೆ ಎದ್ದು ಬರದೆ ಏನು, ಎರಡು ವರ್ಷ ಚೇತನಾ ಎಳೆ ಮುಟ್ಟಿಲ್ಲ, ಚೇತನಾಗ ಮಗ್ಗ ಬ್ಯಾಡ, ಅಕಿ ಓದ್ಲಿ ಎಂದಿದ್ದಳು ಅಜ್ಜಿ ರತ್ನಾಬಾಯಿ, ಇವಳ ಪಾಲಿನ ಕೊಂಡಿಯನ್ನೂ ಸುಶ್ಮಿತಾಳೇ ಹಾಕಿದಳು, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕೋಣೆ, ಕೋಚಿಂಗು, ಮೆತ್ತಗಾದ ಬೆರಳು, ಎರಡು ಸಲ ಪರೀಕ್ಷೆ, ಎರಡು ಸಲವೂ ಸೀಟಿಲ್ಲ. ಸುಶ್ಮಿತಾ ಇವಳ ಹಳೆಯ ಪುಸ್ತಕಗಳನ್ನು ಮಗ್ಗದ ಪಕ್ಕ ತೆರೆದಿಟ್ಟು ಓದಿದಳು, ಇವಳು ಅಡಿಗೆರೆ ಎಳೆದ ಸಾಲುಗಳನ್ನೇ ಓದಿದಳು, ಮೊದಲ ಸಲಕ್ಕೇ ರ‍್ಯಾಂಕು. ಎರಡು ವರ್ಷ ಅಜ್ಜಿ ತನ್ನ ಮೊಣಕಾಲನ್ನು ಚೇತನಾಳ ಮುಂದೆ ಚಾಚುತ್ತಿದ್ದಳು, ನೋಡವಾ ಡಾಕ್ಟರವ್ವ, ಎಲ್ಲಿ ಹಿಡದೈತಿ, ಇವಳು ಒತ್ತಿ ನೋಡಿ ಏನೋ ಒಂದು ಹೇಳುತ್ತಿದ್ದಳು, ಈಗ ಅದೇ ಮೊಣಕಾಲು ಸುಶ್ಮಿತಾಳ ಮುಂದೆ ಚಾಚಿಕೊಂಡಿದೆ, ಇವಳು ಚಹಾ ತಂದಿಟ್ಟರೆ ಅಜ್ಜಿ ತಲೆಯೆತ್ತಿಯೂ ನೋಡುವುದಿಲ್ಲ. ಹೊಟ್ಟೆ ಉರಿಯುತ್ತದೆ, ಹೌದು, ಉರಿಯುತ್ತದೆ, ಒಂದು ಮೊಣಕಾಲಿಗಾಗಿ ಇಷ್ಟು ಉರಿಯಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಐದು ಹೊಡೆಯಲಿ. ಏನೂ ಮಾಡಬೇಕಿಲ್ಲ, ಸುಮ್ಮನೆ ಕೂತರೆ ಸಾಕು, ನಾಲ್ಕೂವರೆ, ನಾಲ್ಕು ಮೂವತ್ತೆರಡು — ಬಾಗಿಲಲ್ಲಿ ಚಪ್ಪಲಿಯ ಸದ್ದು.

ಸುಶ್ಮಿತಾ. ಕೂದಲಲ್ಲಿ ಕೆಂಪು ರೇಷ್ಮೆಯ ಎಳೆಯೊಂದು ಸಿಕ್ಕಿಕೊಂಡಿದೆ, ತಿದ್ದುಪಡಿ ಇವತ್ತ ಮುಗಿತೈತಂತ, ಎಲ್ಲಾ ಬರೋಬ್ಬರಿ ಐತಲ್ಲಕ್ಕಾ, ಐತಿ ಅನ್ನಬೇಕು, ಐತಿ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇದೆ, ಅಷ್ಟರಲ್ಲಿ ಅವಳು ಪರದೆಗೆ ಬಗ್ಗಿ, ಹೆಬ್ಬೆಟ್ಟು ಎಷ್ಟ ಚೊಲೋ ಮೂಡೇತಿ, ನಂದಲ್ಲ ಅನಸ್ತೈತಿ ಎಂದು ನಕ್ಕಳು. ನಿಂದಲ್ಲ, ನಂದು. ಯಾರು ಅಂದದ್ದು, ತಾನೇ ಅಂದಳೇ, ಸುಶ್ಮಿತಾಳ ನಗು ಅರ್ಧಕ್ಕೇ ನಿಂತಿದೆ, ಅವಳು ಬೈಯಲಿ, ಕೂದಲು ಹಿಡಿದು ಎಳೆಯಲಿ, ಬೈಯುವುದಿಲ್ಲ, ಪ್ಯಾಡಿನ ಮುಚ್ಚಳ ತೆಗೆದು ಹೆಬ್ಬೆಟ್ಟು ಒತ್ತುತ್ತಾಳೆ, ಕಾಗದದ ಮೇಲೆ ಒತ್ತುತ್ತಾಳೆ, ಚೇತನಾ ಸ್ಕ್ಯಾನ್ ಮಾಡುತ್ತಾಳೆ, ಹಳೆಯದನ್ನು ತೆಗೆಯಬೇಕೇ ಎಂದು ಕಂಪ್ಯೂಟರ್ ಕೇಳುತ್ತದೆ, ಹೌದು, ಗೆರೆಗೆರೆಯೂ ಎದ್ದು ಬಂದಿದ್ದ ತನ್ನ ಹೆಬ್ಬೆಟ್ಟು ಹೋಯಿತು, ಅದು ಹೋದ ಜಾಗಕ್ಕೆ ಇನ್ನೊಂದು ಬಂತು, ಚಕ್ರ ಒಂದು ಸುತ್ತು ತಿರುಗಿತು, ಹಸಿರು ಗುರುತು ಮೂಡಿತು, ಸ್ವೀಕರಿಸಲಾಗಿದೆ. ನಾಲ್ಕು ನಲವತ್ತೊಂಬತ್ತು. ಸುಶ್ಮಿತಾ ಆ ಗುರುತನ್ನೇ ನೋಡುತ್ತ, ಮೆಲ್ಲಗೆ, ಕಂಪ್ಯೂಟರ್ ತಗೊಳಂಗಿಲ್ಲ ಅಂದಿದ್ದಿಯಲ್ಲಕ್ಕಾ ಎಂದಳು. ಆ ದಿನ ಚೇತನಾ ಅವಳ ಹೆಬ್ಬೆಟ್ಟನ್ನು ಹಾಕಿಯೇ ನೋಡಿರಲಿಲ್ಲ, ಒಂದು ಸಲವೂ ಹಾಕಿ ನೋಡಿರಲಿಲ್ಲ, ಏನಾದರೂ ಹೇಳಬೇಕು, ಸರ್ವರ್ ಅನ್ನಬೇಕು, ಗಡಿಬಿಡಿ ಅನ್ನಬೇಕು, ಪರದೆಯ ಮೇಲೆ ನೀಲಿ ಹೆಬ್ಬೆಟ್ಟು, ಅದರ ನಡುವೆ ಬಿಳಿ, ಜೋಳದ ಕಾಳಿನಷ್ಟು ಬಿಳಿ, ಬಿಳಿ —