ಒದ್ದೆ ತುರುಬು

ತೊಟ್, ಎಂಜಿನ್ನಿಗೆ ನೀರು ತುಂಬುವ ಕೊಳವೆಯ ತುದಿಯಿಂದ ಹನಿ ಬೀಳುತ್ತಿದೆ, ವಾಡಿ ಸ್ಟೇಷನ್ನಿನ ಈ ಸುಡುಬಿಸಿಲಲ್ಲೂ ಯಾರೂ ಅದನ್ನು ಬಿಗಿಮಾಡುವುದಿಲ್ಲ, ರೇವಣಪ್ಪ ಮುಖ ತಿರುವಿದ, ನಾಲವಾರದ ಗಾಡಿ ಬರಲಿ, ಬಾರದಿದ್ದರೂ ಒಳ್ಳೆಯದೇ — ಥೂ, ಚಿತ್ತಾಪುರದಿಂದ ನಿಜಾಮರ ಗಾಡಿಯಲ್ಲಿ ಇಲ್ಲಿಯವರೆಗೆ ಬಂದು ಎರಡು ಸಲ ಹಿಂದಿರುಗಿದ ಗಂಡಸು ತಾನು, ಹೆಂಡತಿ ಗುರುದೇವಿ ನಾಲವಾರದ ತವರು ಸೇರಿ ಎರಡು ತಿಂಗಳು. ಈಗ ಗೋಡೆಗೆ ಹಣೆ ಒತ್ತಿ ನರಳುತ್ತ ನಿಲ್ಲಬೇಕಾಗಿಲ್ಲ, ಉಚ್ಚೆ ಸರಾಗ, ಅದಕ್ಕೇ ಅಲ್ಲವೇ ಹೈದರಾಬಾದಿನ ದವಾಖಾನೆಗೆ ಹೋದದ್ದು, ಡಾಕ್ಟರ್ ಸಾಹೇಬರು ಮೊದಲೇ ಬಿಡಿಸಿ ಹೇಳಿದ್ದರು, ಉಚ್ಚೆಚೀಲದ ಬಾಯಲ್ಲಿ ಗಡ್ಡೆ ಉಬ್ಬಿದೆ, ಕೊಯ್ದು ತೆಗೆದರೆ ಜೀವ ಉಳಿಯುತ್ತದೆ, ಆದರೆ ಆಮೇಲೆ ವೀರ್ಯ ಹೊರಗೆ ಬರಲಿಕ್ಕಿಲ್ಲ, ಒಳಕ್ಕೇ ತಿರುಗಿ ಉಚ್ಚೆಯಲ್ಲಿ ಹೋಗುತ್ತದೆ, ಕೆಲವರಿಗೆ ಕಸುವೂ ಕುಂದುತ್ತದೆ, ಮನೆಯವರಿಗೂ ತಿಳಿಸಿ. ಎಲ್ಲಿ ತಿಳಿಸಿದ. ಗಾಯ ಮಾಯ್ದ ಮೇಲೆ ಒಮ್ಮೆ ಅವಳ ಮಗ್ಗುಲಿಗೆ ಹೋದ, ಏನೂ ಬರಲಿಲ್ಲ, ಮತ್ತೊಮ್ಮೆ ಹೋದಾಗ ಮೈಯೇ ಏಳಲಿಲ್ಲ, ಇರ್ಲಿ ಬಿಡ್ರಿ, ಜೀವ ಉಳೀತಲ್ಲ ಸಾಕು ಅಂದಳು, ಆ ಕನಿಕರಕ್ಕೇ ಸಿಟ್ಟು ನೆತ್ತಿಗೇರಿ ಹಾಸಿಗೆಯನ್ನು ಪಡಸಾಲೆಗೆ ಎಳೆದುಕೊಂಡ. ಆದರೂ ಅವಳು ವಾರಕ್ಕೆರಡು ಸಲ ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು ಒದ್ದೆ ತುರುಬಿನಲ್ಲೇ ಬಾವಿಗೆ ಹೋಗುವಳು. ಗಂಡನ ಜೊತೆ ಮಲಗಿದ ಹೆಂಗಸು ತಲೆಗೆ ನೀರು ಹಾಕಿಕೊಳ್ಳದೆ ಒಲೆ ಮುಟ್ಟುವುದಿಲ್ಲ, ಓಣಿಗೆಲ್ಲ ಗೊತ್ತಿರುವ ಮಾತು, ತಾನಂತೂ ಪಡಸಾಲೆಯಲ್ಲಿ, ಹಾಗಾದರೆ ಯಾರು — ಕೊಡ ಹೊತ್ತು ಬಂದವಳನ್ನು ಹೊಸ್ತಿಲಲ್ಲೇ ತಡೆದ, ಓಣಿಯೆಲ್ಲ ಕೇಳುವಂತೆ, ಯಾರ ಸಲುವಾಗಿ ತಲಿ ತೊಯಿಸ್ಕೊಂಡು ಬರ್ಲಿಕತ್ತಿ, ಹೇಳು. ಅವಳು ಹೇಳಲಿಲ್ಲ. ಎದುರುಮನೆಯ ಮಾಶಾಬಿ ನಿಂತಿದ್ದಳು, ಹತ್ತು ಮಂದಿ ನಿಂತಿದ್ದರು, ಬಾಯಿ ತೆರೆದರೆ ಗಂಡನ ಗುಟ್ಟು ಬೀದಿಗೆ ಬೀಳುತ್ತಿತ್ತು. ಅಕ್ಕ ಭಾಗಮ್ಮ ಸೇಡಮಿನಿಂದ ಬಂದು ಮುಖಕ್ಕೆ ಉಗಿಯುವುದೊಂದು ಬಾಕಿ, ಹುಚ್ಚಾ, ಬಾವಿ ಮ್ಯಾಗ ಹೆಂಗಸ್ರು ಆಕಿಗಿ ನಿನ್ನ ಗಂಡನ್ನ ಕೊಯ್ದು ಎತ್ತು ಮಾಡಿ ಕಳ್ಸ್ಯಾರಂತಲ್ಲ ಅಂತ ನಗಲಿಕತ್ತಿದ್ರು, ಅವರ ಬಾಯಿ ಮುಚ್ಚಸ್ಲಿಕ್ಕ ಆಕಿ ತಲಿ ತೊಯಿಸ್ಕೋತಿದ್ಲು, ನಿನ್ನ ಮಾನಕ್ಕ. ನನ್ನ ಮಾನಕ್ಕೆ. ಅವಳ ತಮ್ಮ ಸೂಗಪ್ಪ ಹೇಳಿ ಕಳಿಸಿದ್ದಾನೆ, ಮಾವಾ, ಓಣ್ಯಾಗ ಅಂದದ್ದು ಓಣ್ಯಾಗೇ ತಪ್ಪಾತು ಅನ್ರಿ, ಅಂದ್ರ ಕಳಸ್ತೀವಿ. ತಪ್ಪಾಯಿತು ಅಂದರೆ ಸಾಲದು, ಮತ್ತೆ ಅವಳೇಕೆ ತೊಯಿಸಿಕೊಂಡಳು ಅನ್ನುತ್ತಾರೆ, ನನ್ನ ಮೈಯೇ ಏಳುವುದಿಲ್ಲ ಎಂದು ಅದೇ ಹೊಸ್ತಿಲಲ್ಲಿ ನಿಂತು ಈ ಬಾಯಿಂದಲೇ — ಗಾಡಿ ಬಂತು, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲ ಬಿಡದು, ಯಾರೋ ಹಿಂದಿನಿಂದ ಹತ್ರೀ ಯಜಮಾನ್ರ ಅನ್ನುತ್ತಿದ್ದಾರೆ, ಮೊದಲ ಮಾತು ಏನು ಆಡಲಿ, ಗುರುದೇವಿ — ಹೊಸ್ತಿಲ ಹಾಸುಗಲ್ಲು, ಮುಚ್ಚಿದ ಅವಳ ಬಾಯಿ, ಒದ್ದೆ ತುರುಬಿನ ತುದಿಯಲ್ಲಿ ಹನಿ, ತೊಟ್, ತುರುಬಿನ ತುದಿಯಲ್ಲಿ ಹನಿ